ಒಟವಾಲೊ ದಾರಿಗೆಂದು ಶಾಂತವ್ವ ಗೇರು ಕಲಿತದ್ದು

ಕೆಲಸ ಬಿಟ್ಟ ಮೊದಲ ಚಳಿಗಾಲದಲ್ಲಿ ಶಾಂತವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಚಹಾಕ್ಕೆ ನೀರಿಟ್ಟು ಹಿತ್ತಲಿಗೆ ಹೋಗುವಳು. ಹಿತ್ತಲಿನಿಂದ ಬಂದು ಫ್ರಿಜ್ಜಿನ ಬಾಗಿಲು ತೆರೆದು, ಯಾಕೆ ತೆರೆದೆನೆಂದು ತಿಳಿಯದೆ ಮುಚ್ಚುವಳು. ಅಷ್ಟರಲ್ಲಿ ಒಲೆಯ ಮೇಲಿನ ನೀರು ಅರ್ಧ ಬತ್ತಿಹೋಗಿರುತ್ತಿತ್ತು. ಹೂಸ್ಟನ್ನಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತ ಹೆಂಗಸು ಅವಳು. ಯಾರ ಗಂಟಲಲ್ಲಿ ಯಾವ ಕ್ರಿಮಿ ಬೆಳೆದಿದೆ, ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ಹೇಳುವುದು ಅವಳ ಕೆಲಸ. ಆಗ ಕೂತು ಕೂತು ಬೆನ್ನು ಹಿಡಿಯುತ್ತಿತ್ತು, ಯಾವಾಗ ಏಳುತ್ತೇನೋ ಅನ್ನಿಸುತ್ತಿತ್ತು. ಈಗ ಎದ್ದದ್ದಾಯಿತು. ಎದ್ದು ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ.

ಅವರ ಮನೆಯಿದ್ದ, ಹೂಸ್ಟನ್ನಿನ ಹೊರವಲಯದ ಫುಲ್‌ಶೀರಿನಲ್ಲಿ ಕಾಲ್ನಡಿಗೆಯಲ್ಲಿ ಹೋಗಿ ಮುಟ್ಟುವಂಥ ಜಾಗ ಯಾವುದೂ ಇರಲಿಲ್ಲ. ಬಡಾವಣೆ ಹೊಸದು. ಒಂದೇ ಅಚ್ಚಿನ ಇಟ್ಟಿಗೆ ಮನೆಗಳು, ಗೂಟಕ್ಕೆ ಕಟ್ಟಿ ನಿಲ್ಲಿಸಿದ ಎಳೆಯ ಓಕ್ ಗಿಡಗಳು, ನಡುವೆ ಬಿಲ್ಡರ್ ತೋಡಿಸಿದ ಒಂದು ಕೆರೆ. ಕೆರೆಯ ನಡುವಿನ ಕಾರಂಜಿ ಬೆಳಿಗ್ಗೆ ಯಾರೋ ಸ್ವಿಚ್ ಒತ್ತಿದರೆ ಚಿಮ್ಮುವುದು, ಸಂಜೆ ಸ್ವಿಚ್ ಒತ್ತಿದರೆ ಸುಮ್ಮನಾಗುವುದು. ಶಾಂತವ್ವ ಆ ಕೆರೆಯನ್ನು ಸುತ್ತಿದಳು, ಮತ್ತೆ ಸುತ್ತಿದಳು. ಎಷ್ಟು ಸುತ್ತಿದರೂ ಬಂದು ನಿಲ್ಲುವುದು ತನ್ನ ಮನೆಯ ಮುಂದೆಯೇ.

ಮನೆಯೊಳಗೆ ಗಂಡ ಶಿವಪುತ್ರಪ್ಪ ಕಿಟಕಿಯ ಪಕ್ಕದ ಆರಾಮ ಕುರ್ಚಿಯಲ್ಲಿ ರೇಡಿಯೊ ಹಚ್ಚಿಕೊಂಡು ಕೂತಿರುತ್ತಿದ್ದ. ಅವನದು ಎಣ್ಣೆ ಪೈಪ್‌ಲೈನಿನ ಎಂಜಿನಿಯರ್ ಕೆಲಸವಾಗಿತ್ತು. ಮಿಡ್‌ಲ್ಯಾಂಡಿನಿಂದ ಕಾರ್ಪಸ್ ಕ್ರಿಸ್ಟಿಯವರೆಗೆ ಟೆಕ್ಸಸ್ಸಿನ ಉದ್ದಗಲವನ್ನು ಕಾರಿನಲ್ಲೇ ಅಳೆದವನು. ಮನೆಮಂದಿಯನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕೆಂಬುದನ್ನೂ ಅವನೇ ಗೊತ್ತುಮಾಡುತ್ತಿದ್ದ. ನಯಾಗರಾ ಅಂದರೆ ನಯಾಗರಾ, ಯೆಲ್ಲೋಸ್ಟೋನ್ ಅಂದರೆ ಯೆಲ್ಲೋಸ್ಟೋನ್. ಶಾಂತವ್ವ ಪಕ್ಕದ ಸೀಟಿನಲ್ಲಿ ಚುರುಮುರಿ ಡಬ್ಬಿ ಹಿಡಿದು ಕೂರುತ್ತಿದ್ದಳು. ಎರಡು ವರ್ಷದ ಹಿಂದೆ ಅವನ ಕಣ್ಣಿನ ಪರದೆ ಸವೆಯತೊಡಗಿತು. ಒಂದು ಸಂಜೆ ಬೀದಿಯ ತಿರುವಿನಲ್ಲಿ ಎದುರುಮನೆಯವರ ಅಂಚೆ ಡಬ್ಬಿಗೆ ಕಾರು ಗುದ್ದಿ ಇಳಿದವನು, ಕೀಲಿಕೈ ತಂದು ಊಟದ ಮೇಜಿನ ಮೇಲಿಟ್ಟ. "ಇನ್ನ ಮುಟ್ಟಂಗಿಲ್ಲ" ಅಂದ. ಅಷ್ಟೇ. ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ಎತ್ತಗೊಡಲೂ ಇಲ್ಲ. ಅಂದಿನಿಂದ ಡಾಕ್ಟರ ಹತ್ತಿರ ಬಿಟ್ಟರೆ ಬೇರೆಲ್ಲಿಗೂ ಅವನು ಹೊರಡುತ್ತಿರಲಿಲ್ಲ. ಶಾಂತವ್ವ ಕಾರು ನಡೆಸಿದರೆ ಪಕ್ಕದಲ್ಲಿ ಕೂತು ಮೇಲಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಿದ್ದ.

ಇಂಥ ಹೊತ್ತಿನಲ್ಲಿ ಮಾರಿಸೋಲ್‌ಳಿಂದ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಪ್ರಯೋಗಾಲಯದಲ್ಲಿ ಶಾಂತವ್ವನ ಪಕ್ಕದ ಮೇಜಿನಲ್ಲಿ ಬಹಳ ವರ್ಷ ದುಡಿದವಳು ಮಾರಿಸೋಲ್. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದವಳು. ನಿವೃತ್ತಿಯಾದ ಮರುತಿಂಗಳೇ ಹೂಸ್ಟನ್ ಬಿಟ್ಟು, ಆಂಡೀಸ್ ಬೆಟ್ಟಸಾಲಿನಲ್ಲಿರುವ ತನ್ನೂರು ಇಬಾರಾಕ್ಕೆ ಹೋಗಿ ನೆಲೆಸಿದ್ದಳು. ಸಂದೇಶದಲ್ಲಿ ಅವಳ ಮಾತಿಗಿಂತ ಗಾಳಿಯ ಸದ್ದೇ ಜೋರಾಗಿತ್ತು. ಕೆರೆಯ ದಂಡೆಯ ಮೇಲೆ ನಿಂತಿದ್ದೇನೆ ಶಾಂತಾ, ಕೀಟೊದಲ್ಲಿ ಇಳಿ, ಒಂದು ಸಣ್ಣ ಕಾರು ತೆಗೆದುಕೊಂಡು ದಾರಿಯುದ್ದಕ್ಕೂ ನೋಡುತ್ತಾ ನನ್ನ ಮನೆಗೆ ಬಾ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದಳು.

ಶಾಂತವ್ವ ಅದನ್ನು ಮತ್ತೆ ಮತ್ತೆ ಕೇಳಿದಳು. ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಭೂಪಟ ತೆರೆದಳು. ಆ ದೇಶದ ರಾಜಧಾನಿ ಕೀಟೊದಿಂದ ಬಡಗಣಕ್ಕೆ ಒಂದು ಹೆದ್ದಾರಿ ಹೊರಟಿತ್ತು. ಅದರ ಗುಂಟ ಒಂದರ ಮಗ್ಗುಲಿಗೆ ಒಂದು ಕೆರೆ, ಒಂದರ ಮಗ್ಗುಲಿಗೆ ಒಂದು ಕುಶಲಕರ್ಮಿಗಳ ಊರು. ಶನಿವಾರದ ಸಂತೆಯಲ್ಲಿ ಕಂಬಳಿ, ಶಾಲು ಹರವಿಕೊಂಡು ಕೂರುವ ಒಟವಾಲೊ. ಮನೆಮನೆಯಲ್ಲೂ ಮಗ್ಗವಿರುವ ಪೆಗುಚೆ. ಚರ್ಮದ ಕೆಲಸದ ಕೊಟಕಾಚಿ. ಮರ ಕೆತ್ತುವವರ ಸಾನ್ ಅಂತೋನಿಯೊ. ಅವುಗಳ ನಡುವೆ ಸಾನ್ ಪಾಬ್ಲೊ ಎಂಬ ಅಗಲವಾದ ಕೆರೆ, ಜ್ವಾಲಾಮುಖಿಯ ಬಾಯಲ್ಲೇ ತುಂಬಿಕೊಂಡ ಕುಯಿಕೋಚಾ ಎಂಬ ಕೆರೆ. ಇಡೀ ದಾರಿಯನ್ನು ನಾಲ್ಕು ದಿನದಲ್ಲಿ ಯಾವ ಅವಸರವೂ ಇಲ್ಲದೆ ಮುಗಿಸಬಹುದು.

"ನಾಕ ದಿನದ ಮಾತ್ರಿ. ಹೋಗಿ ಬರೂಣು" ಅಂದಳು ಗಂಡನಿಗೆ.

"ಎಲ್ಲಿಗೆ?"

ಹೇಳಿದಳು.

"ಕಾರ್ ಯಾರು ಹೊಡೀತಾರ?"

"ನಾ ಹೊಡೀತೀನಿ."

ಶಿವಪುತ್ರಪ್ಪ ರೇಡಿಯೊದ ದನಿಯನ್ನು ಸ್ವಲ್ಪ ಹೆಚ್ಚಿಸಿದ. ಅದೇ ಉತ್ತರ.

ಒಬ್ಬಳೇ ಗಂಡನನ್ನು ಹೊರಡಿಸುವುದು ಕಷ್ಟ, ಜೊತೆ ಇದ್ದರೆ ಒಪ್ಪಬಹುದು ಎಂದು ಅವಳಿಗೆ ಅನ್ನಿಸಿತು. ಡಾಲಸ್ ಪಕ್ಕದ ಇರ್ವಿಂಗಿನಲ್ಲಿ ಹಳೆಯ ಗೆಳತಿ ಮೀರಾ ಇದ್ದಳು. ಗಂಡ ಗುರುದತ್ತ ಹೃದಯದ ಡಾಕ್ಟರು, ಮೈಸೂರಿನವನು, ಅವನೂ ಈಗಷ್ಟೇ ನಿವೃತ್ತ. ಮೀರಾ ಫೋನಿನಲ್ಲಿ ವಿಷಯ ಕೇಳಿದವಳೇ, "ಅಯ್ಯೋ, ನಾವೂ ಬರ್ತೀವಿ ಕಣೆ! ವೀಕೆಂಡ್‌ಗೆ ಬನ್ನಿ, ಕೂತ್ಕೊಂಡು ಪ್ಲಾನ್ ಮಾಡೋಣ" ಅಂದಳು. ಮೀರಾಳ ಮನೆಗೆ ಅಂದಾಗ ಶಿವಪುತ್ರಪ್ಪ ಬೇಡ ಅನ್ನಲಿಲ್ಲ. ಶನಿವಾರ ಬೆಳಿಗ್ಗೆ ಶಾಂತವ್ವ ಕಾರು ತೆಗೆದಳು.

ಇರ್ವಿಂಗಿನ ದೇವಸ್ಥಾನಕ್ಕೆ ಹೋಗಿ, ಬಿಸಿಬೇಳೆಬಾತು ಉಂಡು, ನಾಲ್ವರೂ ದೊಡ್ಡ ಟಿವಿಯ ಮುಂದೆ ಕೂತರು. ಶಾಂತವ್ವ ತಾನು ನೋಡಿಟ್ಟ ದಾರಿಯನ್ನು ತೋರಿಸಿದಳು. ಗುರುದತ್ತ ಕನ್ನಡಕ ಏರಿಸಿ ನೋಡಿದ.

"ಚೆನ್ನಾಗಿದೆ. ಆದ್ರೆ ಅಷ್ಟು ದೂರ ಹೋಗಿ ಗಲಾಪಗೋಸ್ ಬಿಟ್ಟು ಬರ್ತೀರಾ?" ಎಂದ.

"ಅದು ಸಮುದ್ರದಾಗ ಐತಲ್ರಿ. ನಾವು ಹೊಂಟಿದ್ದು ಗುಡ್ಡಕ್ಕ."

"ಒಂದು ಫ್ಲೈಟ್ ಅಷ್ಟೆ. ಇನ್ನು ಅಲ್ಲಿವರೆಗೂ ಹೋದ್ಮೇಲೆ ಪೆರು ಪಕ್ಕದಲ್ಲೇ. ಮಾಚು ಪೀಚು ನೋಡ್ದೆ ಬಂದ್ರೆ ಜನ ನಗ್ತಾರೆ." ಅವನು ರಿಮೋಟು ಕೈಗೆ ತೆಗೆದುಕೊಂಡ. ಭೂಪಟ ಜಾರಿ ಕೆಳಗೆ ಹೋಯಿತು. ಅಲ್ಲಿಂದ ಇನ್ನೂ ಕೆಳಗೆ, ಉಪ್ಪಿನ ಬಯಲುಗಳಿಗೆ ಹೋಯಿತು. ಮೀರಾ ಪಾಯಸ ತಂದಿಡುವಷ್ಟರಲ್ಲಿ ನಾಲ್ಕು ದಿನದ ದಾರಿ ಎರಡು ವಾರ ದಾಟಿತ್ತು. ಬಾಡಿಗೆ ಕಾರು ಹೋಗಿ ಎಸಿ ಬಸ್ಸು ಬಂದಿತ್ತು. ಬಸ್ಸಿನ ಜೊತೆ ಗುಜರಾತಿ ಅಡುಗೆಯವನೊಬ್ಬ ಬರುವುದೂ ನಿಶ್ಚಯವಾಗಿತ್ತು. ಒಟವಾಲೊ ಎಲ್ಲೋ ಒಂದು ಮಧ್ಯಾಹ್ನದ ಮೂಲೆಯಲ್ಲಿ, 'ಸಮಯವಿದ್ದರೆ' ಎಂದು ಉಳಿದುಕೊಂಡಿತು. ಇಬಾರಾ ಹೋಗಿಯೇ ಬಿಟ್ಟಿತ್ತು.

"ಇಬಾರಾ ಎಲ್ಲಿ?" ಶಾಂತವ್ವ ಕೇಳಿದಳು.

"ಅಲ್ಲೇನಿದೆ ಅಂತ?"

"ನನ್ನ ಗೆಳತಿ ಅದಾಳ್ರಿ."

"ಅವ್ರನ್ನ ಕೀಟೊಗೆ ಬರೋಕೆ ಹೇಳಿ. ಏರ್‌ಪೋರ್ಟಲ್ಲಿ ಮೀಟ್ ಆಗ್ಬಹುದು."

ಶಾಂತವ್ವ ಪಾಯಸದ ಬಟ್ಟಲು ಕೆಳಗಿಟ್ಟು ಎದ್ದಳು. ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಕೂರಲಿಲ್ಲ. "ಗುರುದತ್ತ ಅವರ, ನಿಮ್ಮ ಪ್ಲಾನ್ ಛಲೋ ಐತಿ. ನೀವು ಹೋಗಿ ಬರ್ರಿ. ನಂದು ಸಣ್ಣದು. ಅದು ಹಂಗ ಇರ್ಲಿ" ಎಂದಳು. ಮೀರಾ ಗಾಬರಿಯಾಗಿ ಗಂಡನ ಮುಖ ನೋಡಿದಳು. ಶಿವಪುತ್ರಪ್ಪ ಮಾತ್ರ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಕ್ಕಂತೆ ಕಂಡಿತು.

ಹೂಸ್ಟನ್ ಕಡೆ ವಾಪಸಾಗುವಾಗ ಹೆದ್ದಾರಿಯ ಮೇಲೆ ಲಾರಿಗಳ ಸಾಲು. ಕಾರ್ಸಿಕಾನಾ ಎಂಬ ಊರು ದಾಟಿದ ಮೇಲೆ ಶಾಂತವ್ವ ತಡೆಯಲಾಗದೆ ಅಂದಳು:

"ನಾವಿಬ್ಬರ ಹೋಗೂಣ್ರಿ. ಸಂತಿ ನೋಡೂಣು, ಕೆರಿ ನೋಡೂಣು."

"ಯಾವ ಕೆರಿ ತೋರಸ್ತೀ ನನಗ?"

"ಅಂದ್ರ?"

ಶಿವಪುತ್ರಪ್ಪ ಕಿಟಕಿಯ ಕಡೆ ತಿರುಗಿಯೇ ಮಾತಾಡಿದ. "ನಾ ಎಲ್ಲಿ ನೋಡ್ತೀನೋ ಅಲ್ಲೇ ನಟ್ಟನಡುವ ಒಂದ ತೂತು ಬಿದ್ದೈತಿ ಶಾಂತಾ. ಸುತ್ತ ಕಾಣಸ್ತೈತಿ. ನಡುವ ಇಲ್ಲ. ಕೆರಿ ನೋಡಿದ್ರ ದಂಡಿ ಕಾಣಸ್ತೈತಿ, ನೀರ ಕಾಣಂಗಿಲ್ಲ." ಆಮೇಲೆ ಸೇರಿಸಿದ. "ನಿನ್ನ ಮಾರೀನೂ ಹಂಗ. ಕಿವಿಯೋಲಿ ಕಾಣಸ್ತಾವ. ಮಾರಿ ಕಾಣಂಗಿಲ್ಲ."

ಅವನ ಕಣ್ಣಿನ ಚಿತ್ರಗಳನ್ನು ಡಾಕ್ಟರ ಕೋಣೆಯಲ್ಲಿ ಶಾಂತವ್ವ ಅವನಿಗಿಂತ ಮೊದಲು ನೋಡಿದ್ದಳು. ರೋಗದ ಹೆಸರು, ಅದರ ಹಂತ, ಅದರ ಚುಚ್ಚುಮದ್ದು ಎಲ್ಲ ಅವಳಿಗೆ ಬಾಯಿಪಾಠ. ಆದರೆ ಬೆಳಿಗ್ಗೆ ಚಹಾ ಕೊಡುವಾಗ ತನ್ನ ಮುಖವಿರುವಲ್ಲಿ ಅವನಿಗೆ ಏನೂ ಇರುವುದಿಲ್ಲವೆಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಅವನೂ ಹೇಳಿರಲಿಲ್ಲ. ಏನೋ ಹೇಳಬೇಕು ಅನ್ನಿಸಿತು. ಹೇಳಲು ಬಂದದ್ದೆಲ್ಲ ಆಸ್ಪತ್ರೆಯ ಮಾತಾಗಿ ಕೇಳುವುದೆಂದು ನುಂಗಿಕೊಂಡಳು.

ಆಮೇಲಿನ ವಾರ ಅವಳು ಪ್ರಯಾಣವನ್ನು ಕೈಬಿಟ್ಟಳು. ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದ ಮೇಲೆ ತಳಮಳ ಇನ್ನಷ್ಟು ಹೆಚ್ಚಿತು. ಪಾತ್ರೆಯ ಕಪಾಟನ್ನು ಖಾಲಿ ಮಾಡಿ ಮತ್ತೆ ಜೋಡಿಸಿದಳು. ಬಿಲ್ಡರಿನ ಕೆರೆಯನ್ನು ಮಳೆಯಲ್ಲೂ ಸುತ್ತಿದಳು. ಹಾಗೆ ಸುತ್ತುವಾಗ ಒಂದು ದಿನ ಅವಳಿಗೆ ಕೋಪ ಬಂತು. ಕಾಣುವುದಿಲ್ಲ ಅಂದರೆ ಕುರ್ಚಿಯಲ್ಲಿ ಕೂತಾಗ ಕಾಣುತ್ತದೆಯೇ? ತೂತು ಫುಲ್‌ಶೀರಿನಲ್ಲೂ ಇದೆ, ಒಟವಾಲೊದಲ್ಲೂ ಇರುತ್ತದೆ. ಗಾಳಿ ಮಾತ್ರ ಇಲ್ಲಿಲ್ಲ, ಅಲ್ಲಿದೆ. ಒದ್ದೆ ಬೂಟಿನಲ್ಲೇ ಒಳಗೆ ಬಂದು ಕೀಟೊದ ಬಾಡಿಗೆ ಕಾರಿನ ಕಚೇರಿಗೆ ಪತ್ರ ಬರೆದಳು.

ಬಂದ ಉತ್ತರ ಎರಡೇ ಸಾಲು. ತಾವು ಕೇಳಿದ ಜೂನಿನ ವಾರ ಸಣ್ಣ ಕಾರು ಇದೆ. ಆದರೆ ಅದು ಗೇರಿನ ಕಾರು, ಆಟೊಮ್ಯಾಟಿಕ್ ಯಾವುದೂ ಉಳಿದಿಲ್ಲ.

ಶಾಂತವ್ವ ಡ್ರೈವಿಂಗ್ ಕಲಿತದ್ದೇ ಹೂಸ್ಟನ್ನಿನಲ್ಲಿ, ಆಟೊಮ್ಯಾಟಿಕ್ ಕಾರಿನಲ್ಲಿ. ಅವಳ ಎಡಗಾಲಿಗೆ ಕಾರಿನಲ್ಲಿ ಈವರೆಗೆ ಒಂದು ಕೆಲಸವೂ ಇರಲಿಲ್ಲ.

ಮರುದಿನವೇ ಅವಳು ಹೂಸ್ಟನ್ನಿನಲ್ಲಿ ಭಾರತೀಯರ ಅಂಗಡಿಗಳಿರುವ ಹಿಲ್‌ಕ್ರಾಫ್ಟಿಗೆ ಹೋದಳು. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಸೀರೆ ಅಂಗಡಿಗಳ ಸಾಲಿನ ಒಂದು ಚಾಟ್ ಹೋಟೆಲಿನಲ್ಲಿ ಮಧ್ಯಾಹ್ನದ ಹೊತ್ತು ಹುಬ್ಬಳ್ಳಿಯ ಗದಿಗೆಪ್ಪ ಸಿಗುತ್ತಾನೆಂಬುದು ಊರಿಗೆಲ್ಲ ಗೊತ್ತು. ಅಡುಗೆಕಟ್ಟೆಗೆ ಹಾಸುವ ಗ್ರಾನೈಟ್ ಕಲ್ಲಿನ ವ್ಯಾಪಾರಿ ಅವನು. ಕಲ್ಲಿನ ಯಾರ್ಡಿನಲ್ಲಿ ಓಡಾಡಲೆಂದು ಒಂದು ಹಳೆಯ ಸಣ್ಣ ಪಿಕಪ್ ಇಟ್ಟುಕೊಂಡಿದ್ದ. ಅದು ಗೇರಿನ ಗಾಡಿ.

"ಅಕ್ಕಾರ, ಆ ಪಿಕಪ್ ನನ್ನ ಹೇಣ್ತಿಗೂ ಕೊಟ್ಟಿಲ್ಲ ನಾ" ಅಂದ ಗದಿಗೆಪ್ಪ, ಪಾನಿಪೂರಿ ಬಾಯಲ್ಲಿಟ್ಟುಕೊಂಡು.

"ಅಕೀ ಕೇಳಿಲ್ಲ, ಅದಕ್ಕ ಕೊಟ್ಟಿಲ್ಲ. ನಾ ಕೇಳಾಕತ್ತೀನಿ."

"ಈ ವಯಸ್ಸಿನಾಗ ಗೇರ್ ಗಾಡಿ ಯಾಕ ಬೇಕ್ರಿ ನಿಮಗ?"

ಶಾಂತವ್ವ ಹೇಳಿದಳು. ಒಟವಾಲೊದ ಸಂತೆ, ಕುಯಿಕೋಚಾ, ಇಬಾರಾ, ಎಲ್ಲ. ಹೇಳುತ್ತಾ ಹೇಳುತ್ತಾ ಮೇಜಿನ ಮೇಲೆ ಚಟ್ನಿ ಬಟ್ಟಲುಗಳನ್ನು ಊರುಗಳಂತೆ ಜೋಡಿಸಿದಳು. ಗದಿಗೆಪ್ಪ ಖಾರದ ಚಟ್ನಿಯ ಬಟ್ಟಲನ್ನು ಮುಟ್ಟಿ, "ಇದು ಯಾವ ಊರ್ರಿ?" ಅಂದ.

"ಕುಯಿಕೋಚಾ. ಅಲ್ಲಿ ಮಂದಿ ಮಾತಿನಾಗ 'ಕುಯಿ' ಅಂದ್ರ ಇಲಿಮರಿಯಂಥಾ ಒಂದ ಪ್ರಾಣಿ. ಅದರ ಹೆಸರಿನ ಕೆರಿ. ಅದನ್ನ ಹುರದು ತಿಂತಾರಂತ."

"ಶಿವ ಶಿವಾ! ನೀವೇನ ತಿಂತೀರಿ ಅಲ್ಲಿ?"

"ಬಟಾಟಿ ಸಾರ ಮಾಡ್ತಾರಂತ. ಗೊಂಜಾಳ ರುಬ್ಬಿ ಎಲಿಯಾಗ ಸುತ್ತಿ ಬೇಯಿಸಿದ ಕಡುಬ ಮಾಡ್ತಾರಂತ. ಸಾಕಲ್ಲ."

ಗದಿಗೆಪ್ಪ ಒಪ್ಪಿದ. ಒಪ್ಪಿದ್ದಲ್ಲದೆ ತಾನೇ ಕಲಿಸುವೆನೆಂದು ಭಾನುವಾರ ಪಿಕಪ್ ತೆಗೆದುಕೊಂಡು ಫುಲ್‌ಶೀರಿಗೆ ಬಂದ. ಬಡಾವಣೆಯ ಹಿಂಭಾಗದಲ್ಲಿ ಇನ್ನೂ ಮನೆ ಏಳದ ರಸ್ತೆಗಳಿದ್ದವು. ಬರೀ ಡಾಂಬರು, ಬೀದಿದೀಪ, ಹೆಸರಿನ ಫಲಕ. ಅಲ್ಲಿ ಶಾಂತವ್ವ ಕ್ಲಚ್ ತುಳಿದಳು, ಗೇರು ಹಾಕಿದಳು, ಕಾಲು ಬಿಟ್ಟಳು. ಗಾಡಿ ಕಪ್ಪೆಯ ಹಾಗೆ ಹಾರಿ ನಿಂತಿತು. ಮತ್ತೆ ಹಾಕಿದಳು, ಮತ್ತೆ ಹಾರಿತು. ಗದಿಗೆಪ್ಪನ ಹಣೆ ಎದುರಿನ ಗಾಜಿಗೆ ಬಡಿಯಿತು. "ಮೆಲ್ಲಕ್ಕ ಬಿಡ್ರಿ, ಮೆಲ್ಲಕ್ಕ! ಬೆಣ್ಣಿ ಮ್ಯಾಲಿಂದ ಕಾಲ ತಗದಂಗ!" ಎಂದು ಕೂಗಿದ. ಬೆಣ್ಣೆಯ ಮೇಲಿನಿಂದ ಕಾಲು ಹೇಗೆ ತೆಗೆಯುತ್ತಾರೋ ಅವಳಿಗೆ ತಿಳಿಯಲಿಲ್ಲ. ಆದರೂ ಬಿಡಲಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಆ ಖಾಲಿ ಬೀದಿಗಳಲ್ಲಿ ಮೂರನೆಯ ಗೇರಿನವರೆಗೆ ಏರಿ ಇಳಿಯುವುದನ್ನು ಕಲಿತಳು. ಕೆಲಸಕ್ಕೆ ಬಂದ ಮೇಸ್ತ್ರಿಗಳು ಕೈಬೀಸತೊಡಗಿದರು.

ಇದೆಲ್ಲವನ್ನೂ ಶಿವಪುತ್ರಪ್ಪ ಮನೆಯ ಕುರ್ಚಿಯಲ್ಲಿ ಕೂತೇ ತಿಳಿದುಕೊಳ್ಳುತ್ತಿದ್ದ. ಒಂದು ದಿನ ಅವಳು ಒಳಗೆ ಬರುತ್ತಿದ್ದಂತೆ, "ಎರಡನೇ ಗೇರಿನಿಂದ ಒಂದನೇದಕ್ಕ ಹಾಕೂಮುಂದ ಗಾಡಿ ಅಳಾಕತ್ತಿತ್ತು. ಭಾಳ ಜೋರ ಇದ್ದೀ ನೀ" ಅಂದ.

"ಇಲ್ಲಿಗೆ ಕೇಳಸ್ತೇನು?"

"ಮತ್ತೇನ ಕೆಲಸೈತಿ ನನಗ?"

ಆದರೆ ಹೂಸ್ಟನ್ ಸುತ್ತಮುತ್ತ ಅಂಗೈಯಂತೆ ಚಪ್ಪಟೆ. ಏರು ಅಂದರೆ ಫ್ಲೈಓವರು, ಇಳಿಜಾರು ಅಂದರೆ ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡ. ಆಂಡೀಸಿನ ರಸ್ತೆಯಲ್ಲಿ ಏರಿನ ನಡುವೆ ನಿಂತು ಮತ್ತೆ ಹೊರಡುವುದೇ ದೊಡ್ಡ ಕೆಲಸ, ಅದನ್ನು ಕಲಿಯದೆ ಹೋದರೆ ನಾನೇ ಕೆಳಗಿಂದ ತಳ್ಳಬೇಕಾದೀತು ಎಂದು ಮಾರಿಸೋಲ್ ಇನ್ನೊಂದು ಸಂದೇಶದಲ್ಲಿ ನಕ್ಕಿದ್ದಳು. ಗುಡ್ಡ ಬೇಕಿದ್ದರೆ ಆಸ್ಟಿನ್ನಿಗೆ ಹೋಗಬೇಕು. ಆಸ್ಟಿನ್ನಿನಲ್ಲಿ ಮಗಳು ಐಶ್ವರ್ಯಾ ಇದ್ದಳು. ಅವಳ ಮನೆ ಊರಿನ ಪಡುವಣದ ಗುಡ್ಡದ ಮೇಲೆ.

"ನಾ ಗದಿಗೆಪ್ಪನ್ನ ಕೇಳಿ ಪಿಕಪ್ ತಗೊಂಡು ಆಸ್ಟಿನ್ನಿಗೆ ಹೊಂಟೀನಿ. ಬರೂದಿದ್ರ ಬರ್ರಿ" ಅಂದಳು ಗಂಡನಿಗೆ.

"ಆ ಡಬ್ಬಿ ತಗೊಂಡು ಹೈವೇ ಮ್ಯಾಲೆ?"

"ಹೌದು."

ಅವನು ಬೈದ. ಬೈಯುತ್ತಲೇ ಚಪ್ಪಲಿ ಹುಡುಕಿದ. ಬೈಯುತ್ತಲೇ ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡ. ಅರ್ಧ ದಾರಿಯ ಊರು ಲಾ ಗ್ರೇಂಜಿನವರೆಗೆ ಹಿಡಿಕೆ ಬಿಡಲಿಲ್ಲ. ಬ್ಯಾಸ್ಟ್ರಾಪಿನ ಪೈನ್ ಮರಗಳ ವಾಸನೆ ಬಂದಾಗ ಮಾತ್ರ ಕಿಟಕಿ ಇಳಿಸಿದ.

ಮಗಳು ಬಾಗಿಲಲ್ಲಿ ನಿಂತು ಪಿಕಪ್ಪನ್ನು, ಅದರಿಂದ ಇಳಿದ ತಾಯಿಯನ್ನು ನೋಡಿದಳು. "ಅಮ್ಮಾ, ಆರ್ ಯೂ ಸೀರಿಯಸ್?" ಅಂದಳು. ಆಮೇಲೆ ಎಲ್ಲ ಇಂಗ್ಲಿಷಿನಲ್ಲೇ. ಅಪ್ಪನಿಗೆ ಕಣ್ಣಿಲ್ಲ, ನಿನಗೆ ಅಭ್ಯಾಸವಿಲ್ಲ, ಅಲ್ಲಿ ಉಸಿರಾಡುವ ಗಾಳಿಯೇ ಕಡಿಮೆ, ಒಬ್ಬ ಡ್ರೈವರನ್ನು ಇಟ್ಟುಕೊಂಡರೆ ಏನಾಗುತ್ತದೆ?

"ಡ್ರೈವರ್ ಇಟ್ಟಗೊಂಡ್ರ ಅಂವ ನಿಂದ್ರಿಸಿದಲ್ಲಿ ನೋಡಬೇಕು, ಅಂವ ಹತ್ತು ಅಂದಾಗ ಹತ್ತಬೇಕು. ಇಷ್ಟ ವರ್ಷ ಅದನ್ನ ಮಾಡೀನವಾ" ಅಂದಳು ಶಾಂತವ್ವ. ಗಂಡನೂ ಅಲ್ಲೇ ಇದ್ದಾನೆಂಬುದು ಅಂದ ಮೇಲೆ ನೆನಪಾಯಿತು. ಅವನು ಕೇಳದವನಂತೆ ಸೋಫಾ ತಡವಿ ಕೂತ.

ಮರುದಿನ ಬೆಳಿಗ್ಗೆ ಅವರಿಬ್ಬರೇ ಗುಡ್ಡದ ರಸ್ತೆಗೆ ಬಂದರು. ತೀರ ಕಡಿದಾದ ಒಂದು ಏರಿನ ತುದಿಯಲ್ಲಿ ಸ್ಟಾಪ್ ಫಲಕ. ಶಾಂತವ್ವ ನಿಲ್ಲಿಸಿದಳು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಸಾಮಾನು ಸಾಗಿಸುವ ಒಂದು ವ್ಯಾನು ಬಂದು ಅಂಟಿಕೊಂಡು ನಿಂತಿತ್ತು. ಅವಳು ಕ್ಲಚ್ ಬಿಟ್ಟಳು. ಎಂಜಿನ್ ಸತ್ತಿತು. ಗಾಡಿ ಹಿಂದಕ್ಕೆ ಸರಿಯಿತು. ವ್ಯಾನಿನವನು ಹಾರ್ನ್ ಬಾರಿಸಿದ. ಶಾಂತವ್ವನ ಕಾಲಿಗೆ ಯಾವುದನ್ನು ತುಳಿಯಬೇಕೆಂದು ತಿಳಿಯಲಿಲ್ಲ. ಪಿಕಪ್ ಇನ್ನೂ ಸರಿಯುತ್ತಿತ್ತು.

ಶಿವಪುತ್ರಪ್ಪನ ಕೈ ನೋಡದೆಯೇ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಗಾಡಿ ನಿಂತಿತು. ವ್ಯಾನಿಗೂ ಅದಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವೂ ಇರಲಿಲ್ಲ.

"ಇಳೀತೀನಿ ನಾ. ನನ್ನ ಕಡಿಂದ ಆಗಂಗಿಲ್ಲ" ಅಂದಳು ಶಾಂತವ್ವ.

"ಕೂಡು."

"ಹಿಂದ ಅಂವಾ..."

"ಅಂವ ಒದರಲಿ. ಗಾಡಿ ಎಲ್ಲಿಗೂ ಹೋಗಂಗಿಲ್ಲ, ನಾ ಹಿಡದೀನಿ. ಚಾಲೂ ಮಾಡು." ಅವಳು ಎಂಜಿನ್ ಚಾಲೂ ಮಾಡಿದಳು. "ಕನ್ನಡಿ ನೋಡಬ್ಯಾಡ. ಕಾಲ ನೋಡಬ್ಯಾಡ. ಕೇಳು. ಒಂಚೂರ ಎಕ್ಸಲೇಟರ್ ಕೊಡು. ಹಾಂ. ಈಗ ಕ್ಲಚ್ ಮೆಲ್ಲಕ ಬಿಡು... ದನಿ ಇಳೀತು ನೋಡು, ದಪ್ಪ ಆತು. ಕೇಳಸ್ತೇನು?"

"ಹೌದು."

"ಅಲ್ಲೇ ಕಾಲ ನಿಂದರಸು. ಅಲ್ಲೇ. ಈಗ ನಾ ಬ್ರೇಕ್ ಬಿಡ್ತೀನಿ. ನೀ ಬ್ಯಾರೇ ಏನೂ ಮಾಡಬ್ಯಾಡ."

ಅವನು ಹ್ಯಾಂಡ್‌ಬ್ರೇಕ್ ಇಳಿಸಿದ. ಪಿಕಪ್ ಹಿಂದಕ್ಕೆ ಒಂದು ಕೂದಲಿನಷ್ಟೂ ಸರಿಯಲಿಲ್ಲ. ಮೈ ನಡುಗಿಸಿ, ಮುಂದಕ್ಕೆ ಬಾಗಿದಂತೆ ಆಗಿ, ಏರು ಹತ್ತಿತು.

ಹತ್ತಿದ ಮೇಲೆ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಶಾಂತವ್ವ ಒಂದಿಷ್ಟು ಹೊತ್ತು ಅತ್ತಳು. ಶಿವಪುತ್ರಪ್ಪ ಅವಳು ಅಳುವುದು ಮುಗಿಯುವವರೆಗೆ ಕಾದ. ಆಮೇಲೆ ತನ್ನಷ್ಟಕ್ಕೆ ತಾನು ಮಾತಾಡತೊಡಗಿದ. ಕಾಳಿ ನದಿಯ ಅಣೆಕಟ್ಟಿನ ಕೆಲಸಕ್ಕೆ ಸೇರಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ, ಘಟ್ಟದಲ್ಲಿ ಸರಕಾರಿ ಜೀಪು ಓಡಿಸುತ್ತಿದ್ದೆ, ಆ ಜೀಪಿಗೆ ಒಂದು ಮೀಟರೂ ಸರಿ ಇರಲಿಲ್ಲ, ಎಲ್ಲ ಕಿವಿಯಲ್ಲೇ ತಿಳಿಯಬೇಕಿತ್ತು ಎಂದ. ಇಷ್ಟು ವರ್ಷದ ಸಂಸಾರದಲ್ಲಿ ಈ ಜೀಪಿನ ವಿಷಯ ಅವಳು ಕೇಳಿರಲಿಲ್ಲ.

"ಇನ್ನೊಮ್ಮಿ ಕೆಳಗ ಹೋಗು" ಅಂದ ಅವನು. "ಇನ್ನೊಮ್ಮಿ ಹತ್ತೂಣು."

ಮಧ್ಯಾಹ್ನದವರೆಗೆ ಅದೇ ಏರನ್ನು ಹತ್ತಿ ಇಳಿದರು. ಐಶ್ವರ್ಯಾ ಊಟಕ್ಕೆ ಕರೆಯಲು ಫೋನು ಮಾಡಿದಾಗ ಅಪ್ಪ ಫೋನಿನಲ್ಲಿ, "ತಡಿಯವಾ, ನಿಮ್ಮವ್ವ ಈಗರ ದಾರಿಗೆ ಬರಾಕತ್ತಾಳ" ಎಂದದ್ದು ಕೇಳಿ ಶಾಂತವ್ವನಿಗೆ ನಗು ತಡೆಯಲಾಗಲಿಲ್ಲ.

ಇದಾದ ಮೇಲೂ ಅವನು ಬರುತ್ತೇನೆಂದು ಬಾಯಿಬಿಟ್ಟು ಹೇಳಲಿಲ್ಲ. ಪ್ರಯಾಣದ ವಾರ ಹತ್ತಿರವಾಯಿತು. ಬರದಿದ್ದರೆ ಒಬ್ಬಳೇ ಹೋಗಲೇ? ಹೋದರೆ ಇವನ ಊಟ? ಸೂಟ್‌ಕೇಸು ತೆರೆಯುವಳು, ಮುಚ್ಚುವಳು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ, ಅವನ ಉಣ್ಣೆಯ ಮಂಕಿಟೋಪಿ ಅದರೊಳಗೆ ಬಂದು ಕೂತಿತ್ತು. ಅವಳು ಏನೂ ಕೇಳಲಿಲ್ಲ. ಅದರ ಮೇಲೆ ಅವನ ಎರಡು ಸ್ವೆಟರ್ ಇಟ್ಟಳು.

ಜೂನಿನಲ್ಲಿ ಅವರು ಹೋದರು. ಕೀಟೊದ ವಿಮಾನ ನಿಲ್ದಾಣದ ಹೊರಗೆ ಬಾಡಿಗೆ ಕಾರು ಮೂರು ಸಲ ಸತ್ತು ನಾಲ್ಕನೆಯ ಸಲ ಹೊರಟಿತು. ಕಣಿವೆ ಇಳಿಯುವಾಗ ಶಿವಪುತ್ರಪ್ಪ, "ಬ್ರೇಕ್ ಬ್ಯಾಡ, ಗೇರಿನಾಗ ಇಳಿ, ಗೇರಿನಾಗ" ಅನ್ನುತ್ತಿದ್ದ. ದಾರಿಯಲ್ಲಿ ಸಿಕ್ಕ ಕಯಾಂಬೆ ಎಂಬ ಊರಿನಲ್ಲಿ ಗರಿಗರಿ ಬಿಸ್ಕೀಟು ತಿಂದರು. ಒಟವಾಲೊದ ಸಂತೆಯಲ್ಲಿ ಕಂಬಳಿಗಳನ್ನು ಅವನು ಬೆರಳಿನಿಂದ ಉಜ್ಜಿ ನೋಡಿ, ಇದು ಉಣ್ಣೆ, ಇದು ಬರೀ ಪ್ಲಾಸ್ಟಿಕ್ ಎಂದು ವಿಂಗಡಿಸಿದ. ಕಪ್ಪು ಹ್ಯಾಟು, ನೀಲಿ ಶಾಲಿನ ವ್ಯಾಪಾರಿ ಹೆಂಗಸು ಅವನು ಹೇಳಿದ್ದು ತಿಳಿಯದಿದ್ದರೂ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಕೆಳಗಿಟ್ಟಳು. ಕೊಟಕಾಚಿಯಲ್ಲಿ ಅವನಿಗೊಂದು ಜೊತೆ ಬೂಟು ಕೊಂಡದ್ದಾಯಿತು. ಬೂಟು ಕಚ್ಚಿತು. ಅದಕ್ಕೊಂದು ಜಗಳವಾಯಿತು.

ಕುಯಿಕೋಚಾದ ಏರು ಹತ್ತಿದ ದಿನ ಮಂಜು. ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ನಿಂತರೆ ಕೆರೆಯಿಲ್ಲ, ಅದರೊಳಗಿನ ನಡುಗಡ್ಡೆಗಳಿಲ್ಲ, ಆಕಾಶವೂ ಇಲ್ಲ. ಬೆಳ್ಳಗಿನ ಗೋಡೆ ಒಂದೇ. ಆರು ತಿಂಗಳ ತಯಾರಿ ಈ ಗೋಡೆ ನೋಡಲಿಕ್ಕೇ ಎಂದು ಶಾಂತವ್ವನಿಗೆ ರೇಗಿಹೋಯಿತು.

"ಏನ ಕಾಣಸ್ತೈತಿ?" ಎಂದ ಶಿವಪುತ್ರಪ್ಪ.

"ಏನೂ ಇಲ್ಲ! ಏನಂದ್ರ ಏನೂ ಇಲ್ಲ!"

ಅವನು ಜೋರಾಗಿ ನಕ್ಕ. ಮಂಕಿಟೋಪಿಯೊಳಗಿನಿಂದ ನಗು ಹೊಗೆಯಾಗಿ ಬಂತು. "ಹಂಗಾದ್ರ ಇವತ್ತ ಇಬ್ಬರೂ ಸರಿಸಾಟಿ" ಅಂದ. ಅವಳಿಗೂ ನಗು ಬಂತು, ನಗುತ್ತಲೇ ಅವನ ತೋಳು ಹಿಡಿದುಕೊಂಡಳು. ಕೆಳಗೆಲ್ಲೋ ನೀರು ದಂಡೆಗೆ ಬಡಿಯುವುದು ಇಬ್ಬರಿಗೂ ಕೇಳಿಸಿತು.

ಇಬಾರಾದಲ್ಲಿ ಮಾರಿಸೋಲ್ ಬಾಗಿಲಿಗೆ ಓಡಿ ಬಂದಳು. ಅವಳ ಮನೆಯಂಗಳದಲ್ಲಿ ಬಟಾಟಿ ಸಾರು ಕುಡಿಯುತ್ತಾ ಪ್ರಯೋಗಾಲಯದ ಹಳೆಯ ಮಾತುಗಳನ್ನೆಲ್ಲ ಆಡಿದರು. ಬೆಳಿಗ್ಗೆ ಕೀಟೊಗೆ ಹಿಂದಿರುಗುವ ಹೊತ್ತಿಗೆ ಶಾಂತವ್ವ ಕಾರಿನ ಬಾಗಿಲು ಹಿಡಿದು ನಿಂತು, ಹೆದ್ದಾರಿ ಬಡಗಣಕ್ಕೆ ಮುಂದುವರಿಯುವ ಕಡೆ ನೋಡಿದಳು.

"ಆ ಕಡೆ ಏನಿದೆ?" ಎಂದು ಗೆಳತಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಬಿಸಿ ಕಣಿವೆ, ಕಬ್ಬಿನ ಗದ್ದೆ, ಆಮೇಲೆ ಕೊಲಂಬಿಯಾದ ಗಡಿ ಎಂದಳು ಮಾರಿಸೋಲ್.

ವಿಮಾನ ಮರುದಿನ ಮಧ್ಯಾಹ್ನಕ್ಕಿತ್ತು. ಶಾಂತವ್ವ ಗಂಡನ ಕಡೆ ತಿರುಗಿದಳು. ಅವನು ಆಗಲೇ ಬೆಲ್ಟು ಬಿಗಿದುಕೊಂಡು ಕೂತಿದ್ದ.

"ಕಬ್ಬಿನ ಗದ್ದಿತನಾ ಹೋಗಿ ಬರೂಣೇನ್ರಿ? ಸಂಜೀಕ ತಿರುಗಿ ಬಂದ್ರಾತು."

"ಏರು ಐತೇನು ಇಳಕಲಾ?"

"ಮೊದಲ ಇಳಕಲು."

"ಹಂಗಾದ್ರ ಎರಡನೇ ಗೇರಿನಾಗ ಬಿಡು" ಅಂದ ಶಿವಪುತ್ರಪ್ಪ.